ಚೋಮನಿಗೆ ಗದ್ದೆ ದೊರೆತೀತೆಂಬ ಆಸೆ

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಓದಿದವರೊಡನೆ ಮಾತನಾಡಿದಾಗಲೆಲ್ಲ ನಾನೊಂದು ಸಂಗತಿಯನ್ನು ಗಮನಿಸಿದ್ದೇನೆ. ಚೋಮನಿಗೆ ಕೊನೆಗಾದರೂ ಒಂದು ತುಂಡು ಗದ್ದೆ ದೊರೆತೀತೆಂದೇ ಅವರಲ್ಲಿ ಬಹುಮಂದಿ ಅರ್ಧ ಪುಸ್ತಕದವರೆಗೂ ನಂಬಿದ್ದರು. ಲೇಖಕರು ಮುಚ್ಚಿಟ್ಟದ್ದೇನೂ ಇಲ್ಲ. ಎತ್ತುಗಳಿದ್ದೂ ಉಳಲು ನೆಲವಿಲ್ಲ. ಕಾಫಿತೋಟದ ಸಾಲ ಬೆನ್ನ ಮೇಲಿದೆ. ಎದೆ ತುಂಬಿದಾಗ ಮಾತಿಗೆ ಬದಲು ದುಡಿ ನುಡಿಯುತ್ತದೆ. ಇಷ್ಟು ಸೂಚನೆ ಸಾಲದೆ?

ಸಾಲದು. ಏಕೆಂದರೆ ನಡುವೆ ಸಂಕಪ್ಪಯ್ಯನಿದ್ದಾನೆ. ಒಡೆಯನ ಮನಸ್ಸು ಮೆತ್ತಗಾದುದನ್ನು ಕಂಡೊಡನೆ ಓದುಗನು ಹಗುರವಾಗಿ ಉಸಿರಾಡುತ್ತಾನೆ; ಆತನ ತಾಯಿಯ ವಿರೋಧವನ್ನು ಬರಿಯ ಅಡಚಣೆಯೆಂದು ಎಣಿಸುತ್ತಾನೆ, ತೀರ್ಪೆಂದಲ್ಲ. ಚೋಮನು ಬೇಡುವುದು ಅತ್ಯಲ್ಪ. ಅಷ್ಟನ್ನೂ ಕೊಡದ ಲೋಕ ನಮ್ಮದೇ ಎಂದು ಒಪ್ಪುವುದಕ್ಕಿಂತ ಒಳ್ಳೆಯ ಒಡೆಯನೊಬ್ಬನನ್ನು ನಂಬುವುದು ಸುಲಭ. ನಮ್ಮ ಕೊಕ್ಕಡದಂತಹ ಊರುಗಳಲ್ಲಿ, ಗದ್ದೆಯುಳ್ಳ ಮನೆಯಿಂದ ಬಂದ ಓದುಗನಿಗಂತೂ ಅದು ಇನ್ನೂ ಸುಲಭ!

ಬಯಲಾಟದಲ್ಲಿಯೂ ಹೀಗೆಯೇ ಅಲ್ಲವೆ ಎಂದು ಕೇಳಬಹುದು. ಅಭಿಮನ್ಯು ಚಕ್ರವ್ಯೂಹದಿಂದ ಮರಳಲಾರನೆಂದು ಮಕ್ಕಳಿಗೂ ಗೊತ್ತು. ಆದರೂ ಅವನು ಒಳನುಗ್ಗಿದಾಗ ಈ ಸಲ ಗೆದ್ದಾನೆಂದು ತೋರುತ್ತದೆ. ಆದರೆ ಅಲ್ಲಿಯ ಆಸೆ ಪ್ರೇಕ್ಷಕನಿಗೆ ತಿಳಿದುದನ್ನು ಮರೆಸುವುದಿಲ್ಲ. ಇಲ್ಲಿಯದು ಮರೆಸುತ್ತದೆ.

ಇಂದಿನ ಓದುಗನಿಗೆ ಇನ್ನೊಂದು ಸಮಾಧಾನವೂ ಉಂಟು: 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ. ಅಂದು ಆ ಕಾನೂನಿದ್ದರೆ ಚೋಮನೂ ಭೂಮಿಗೆ ಒಡೆಯನಾಗುತ್ತಿದ್ದನೆಂದು ಹೇಳುವವರನ್ನು ಕೇಳಿದ್ದೇನೆ. ಆದರೆ ಉಳುವ ಭೂಮಿಯ ಒಡೆತನವನ್ನು ಅದು ಕೊಟ್ಟದ್ದು ಗೇಣಿದಾರನಿಗೆ. ಚೋಮನು ಗೇಣಿದಾರನಾಗಿರಲಿಲ್ಲ, ಗೇಣಿಗೊಂದು ಗದ್ದೆ ಸಿಗಲೆಂಬುದೇ ಅವನ ಆಸೆಯಾಗಿತ್ತು.