ಆಯಿಲ್ ಹಿಂದಿರುಗುವ ದಾರಿ

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ಭಾನುವಾರ ಮಾಮುವಿನ ಗ್ಯಾರೇಜಿನಲ್ಲಿ ಲೆಕ್ಕ ಬರೆಯುತ್ತೇನೆ. ಕಳೆದ ತಿಂಗಳು ಅಲ್ಲಿಗೆ ಕಾಫಿ ತೋಟವೊಂದರ ಹಳೆಯ ಡೀಸೆಲ್ ಜೀಪ್ ಬಂತು. ತೋಟದೊಳಗಿನ ಏರಿನಲ್ಲಿ ಲೋಡ್ ಎಳೆಯಲು ಅದಕ್ಕೆ ಟರ್ಬೊ ಕೂರಿಸಬೇಕಿತ್ತು. ಖರ್ಚಿನ ಪಟ್ಟಿಯಲ್ಲಿ ಆಯಿಲ್ ಪ್ಯಾನ್ ಬಿಚ್ಚುವ ಕೂಲಿಯೂ ಇತ್ತು. ಗ್ಯಾರೇಜಿನಲ್ಲಿ ಇದನ್ನು ಚೇಂಬರ್ ಎನ್ನುತ್ತಾರೆ.

"ಮಾಮು, ಒಂದು ತೂತಿಗೆ ಚೇಂಬರ್ ಬಿಚ್ಚಬೇಕಾ? ಕೆಳಗಿನಿಂದಲೇ ಡ್ರಿಲ್ ಹಾಕಿದರೆ ಒಂದು ದಿನದ ಕೂಲಿ ಉಳಿಯುತ್ತಲ್ಲ?" ಎಂದೆ.

"ಬೇಟಾ, ಮೊದಲು ಕೆಲಸ ನೋಡು, ಆಮೇಲೆ ಲೆಕ್ಕ ಬರಿ" ಎಂದರು. ನೋಡಿ ಕಲಿತದ್ದು ಇಷ್ಟು.

ತೂತು ಏಕೆ ಬೇಕು?

ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸದಿಂದ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರವೇ ಟರ್ಬೊ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಇದರ ಶಾಫ್ಟ್ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದನ್ನು ಕಾಪಾಡುವುದು ಆಯಿಲ್‌ನ ತೆಳುವಾದ ಪದರ. ಆಯಿಲ್ ಟರ್ಬೊಗೆ ಹೋಗುವುದು ಪಂಪಿನ ಒತ್ತಡದಿಂದ. ಹಿಂದಿರುಗುವುದು ಮಾತ್ರ ತನ್ನ ಭಾರದಿಂದ, ಅದೂ ನೊರೆಯಾಗಿ. ಆದ್ದರಿಂದ ಹೋಗುವ ಪೈಪ್ ಸಣ್ಣದು, ಬರುವ ಪೈಪ್ ದಪ್ಪ. ಅದು ಎಲ್ಲೂ ಮೇಲೇರದೆ, ಜೋತು ಬೀಳದೆ ಚೇಂಬರಿಗೆ ಇಳಿಯಬೇಕು.

ತೂತು ಎಲ್ಲಿ?

ಕೆಳಗಡೆ ಜಾಗ ಹೆಚ್ಚಿದೆ ಎಂದು ನಾನು ಅಲ್ಲಿ ಬೆರಳಿಟ್ಟೆ. ಅದು ತಪ್ಪು. ಡಿಪ್‌ಸ್ಟಿಕ್ ತೋರಿಸುವ ಫುಲ್ ಮಟ್ಟಕ್ಕಿಂತ ಮೇಲೆ ತೂತು ಇರಬೇಕು. ಕೆಳಗಿದ್ದರೆ ನಿಂತ ಆಯಿಲ್ ದಾರಿಗೆ ಅಡ್ಡವಾಗುತ್ತದೆ. ಟರ್ಬೊದಲ್ಲಿ ಆಯಿಲ್ ತುಂಬಿ, ಸೀಲ್ ದಾಟಿ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. ಆಗ ಟರ್ಬೊ ಕೆಟ್ಟಿದೆ ಎಂದು ಹೊಸದು ಹಾಕಿಸಿದರೆ ಅದೂ ಹೊಗೆ ಬಿಡುತ್ತದೆ! ಒಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟಿಗೂ ಫಿಟ್ಟಿಂಗ್ ತಗಲಬಾರದು.

ಕೆಲಸದ ಕ್ರಮ

1. ಆಯಿಲ್ ಇಳಿಸಿ, ಚೇಂಬರ್ ಬಿಚ್ಚಿ, ಜಿಡ್ಡು ಪೂರ್ತಿ ತೊಳೆಯಬೇಕು. ಜಿಡ್ಡಿದ್ದರೆ ವೆಲ್ಡಿಂಗ್ ಹಿಡಿಯದು, ಬೆಂಕಿಯ ಅಪಾಯವೂ ಇದೆ.
2. ತೂತು ಕೊರೆದು, ಕಬ್ಬಿಣದ ಫಿಟ್ಟಿಂಗನ್ನು ಸ್ವಲ್ಪ ಸ್ವಲ್ಪವಾಗಿ ವೆಲ್ಡ್ ಮಾಡಬೇಕು. ಒಮ್ಮೆಲೇ ಕಾಯಿಸಿದರೆ ಅಂಚು ಸೊಟ್ಟಗಾಗುತ್ತದೆ.
3. ವೆಲ್ಡ್‌ನ ಹೊರಗೆ ಸೀಮೆಸುಣ್ಣ ಬಳಿದು ಒಳಗಿನಿಂದ ಸೀಮೆಎಣ್ಣೆ ತಾಗುವಂತೆ ಮಾಡಬೇಕು. ಸುಣ್ಣ ಒದ್ದೆಯಾದರೆ ಲೀಕ್ ಇದೆ ಎಂದರ್ಥ.
4. ಮತ್ತೆ ತೊಳೆದು, ಹೊಸ ಪ್ಯಾಕಿಂಗ್ ಹಾಕಿ ಕೂರಿಸಿ, ಹೊಸ ಆಯಿಲ್ ತುಂಬಬೇಕು.

ಎರಡು ಸಲ ತೊಳೆದ ಮೇಲೆ ಮಾಮು ಬಿಳಿ ಬಟ್ಟೆಯಿಂದ ಒಳಗೆ ಒರೆಸಿ ನನಗೆ ತೋರಿಸಿದರು. ಬಟ್ಟೆಯ ಮೇಲೆ ಕೂದಲಿನಷ್ಟು ತೆಳುವಾದ ಕಬ್ಬಿಣದ ಚೂರು ಹೊಳೆಯುತ್ತಿತ್ತು. "ಫಿಲ್ಟರ್ ಇರುವುದು ಪಂಪ್ ಆದ ಮೇಲೆ. ಜಾಲರಿ ದಾಟಿದ ಚೂರು ಮೊದಲು ಪಂಪಿಗೇ ಹೋಗುತ್ತೆ. ಈಗ ಹೇಳು, ಎಷ್ಟು ಉಳೀತು?" ಎಂದರು. ನಾನು ಮಾತಾಡದೆ ಮೂರನೇ ಸಲ ತೊಳೆಯಲು ಸೀಮೆಎಣ್ಣೆ ತಂದೆ.

ಇಂಥ ಕೆಲಸವನ್ನು ರಸ್ತೆಗಿಳಿಯುವ ವಾಹನಕ್ಕೆ ಮಾಡುವುದಾದರೆ ಆರ್‌ಟಿಒ ಮತ್ತು ವಿಮಾ ಕಂಪನಿಯನ್ನು ಮೊದಲೇ ಕೇಳಬೇಕು.

ದುಡಿಯುವ ಬಂಡವಾಳದ ಪಾಠ ನನಗೆ ಅಂದು ಚೆನ್ನಾಗಿ ಅರ್ಥವಾಯಿತು. ಉದ್ರಿ ಕೊಡುವುದು ಸುಲಭ, ವಸೂಲಿ ನಿಧಾನ. ವಸೂಲಿಯ ದಾರಿ ಕಟ್ಟಿದರೆ ವ್ಯಾಪಾರ ಎಷ್ಟಾದರೂ ಅಂಗಡಿ ನಿಲ್ಲುತ್ತದೆ. ಎಂಜಿನ್ನೂ ಹಾಗೆಯೇ. ಆ ಒಂದು ದಿನದ ಕೂಲಿಯನ್ನು ನಾನೇ ಪುಸ್ತಕದಲ್ಲಿ ಬರೆದೆ, ಕಡಿಮೆ ಮಾಡಲಿಲ್ಲ.