ಪಾತ್ರ ಸಿಗುವವರೆಗೆ ಏನು ಮಾಡುತ್ತೀ?

ಪುಟ್ಟೀ, ಮುಂಬೈಯ ಆರಾಮ್‌ನಗರದ ಗಲ್ಲಿಗಳಲ್ಲಿ ಆಡಿಷನ್ನಿಗೆ ಸಾಲು ನಿಂತು, ‘ನಾಟ್ ಫಿಟ್’ ಅನ್ನಿಸಿಕೊಂಡು ಬರುವುದೇ ನಟಿಯ ಬದುಕು ಅಂತ ನೀನು ತಿಳಿದ ಹಾಗಿದೆ. ನಿಮ್ಮಮ್ಮ ಫೋನಿನಲ್ಲಿ ಅಳುತ್ತಾಳೆ. ನಾನು ಅಳುವವಳಲ್ಲ, ಊರಿಗೆ ವಾಪಸು ಹೋಗು ಅಂತ ಹೇಳುವವಳೂ ಅಲ್ಲ. ನಟಿ ಜೆನಿಫರ್ ಕೆಂಡಲ್ ಕಥೆ ಕೇಳು, ಸಾಕು.

ಹುಟ್ಟಿದ್ದು ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ. ಅಪ್ಪ ಜೆಫ್ರಿ, ಅಮ್ಮ ಲಾರಾ, ಇಬ್ಬರೂ ನಟರು. ‘ಶೇಕ್ಸ್‌ಪಿಯರಾನಾ’ ಅಂತ ಕಂಪನಿ ಕಟ್ಟಿಕೊಂಡು ನಮ್ಮ ದೇಶದ ಊರೂರು ತಿರುಗಿ, ಶಾಲೆ ಮಕ್ಕಳಿಗೂ ಮಹಾರಾಜರಿಗೂ ನಾಟಕ ತೋರಿಸಿದವರು. ನಮ್ಮ ಗುಬ್ಬಿ ಕಂಪನಿ ನೆನೆಸಿಕೋ. ಇವರದು ಅದಕ್ಕಿಂತ ಬಹಳ ಸಣ್ಣದು, ಒಬ್ಬೊಬ್ಬರು ಎರಡು ಮೂರು ವೇಷ ಹಾಕಲೇಬೇಕು. ತಂಗಿ ಫೆಲಿಸಿಟಿಯಂತೂ ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ರಂಗಕ್ಕೆ ಬಂದವಳು. 1965ರ ‘ಶೇಕ್ಸ್‌ಪಿಯರ್ ವಾಲಾ’ ಸಿನಿಮಾಕ್ಕೆ ಅವಳೇ ನಾಯಕಿ. ಅಕ್ಕನಿಗೆ ಅದರಲ್ಲೊಂದು ಪುಟ್ಟ ಪಾತ್ರ, ಹೆಸರುಪಟ್ಟಿಯಲ್ಲಿ ಹೆಸರೂ ಇಲ್ಲ! ತಂಗಿ ಇಂಗ್ಲೆಂಡಿಗೆ ಹೋಗಿ ಟಿ.ವಿ.ಯಲ್ಲಿ ಮನೆಮಾತಾದಳು. 1958ರಲ್ಲಿ ಶಶಿ ಕಪೂರರನ್ನು ಮದುವೆಯಾದ ಅಕ್ಕ ಇದೇ ಮುಂಬೈಯಲ್ಲಿ ಉಳಿದಳು.

ಅವಳ ಮುಖ್ಯ ಸಿನಿಮಾಗಳನ್ನು ಬೆರಳಲ್ಲಿ ಎಣಿಸಬಹುದು: ‘ಬಾಂಬೆ ಟಾಕಿ’, ‘ಜುನೂನ್’, 1981ರ ‘36 ಚೌರಂಗಿ ಲೇನ್’. ಕೊನೆಯದರಲ್ಲಿ, ಐವತ್ತೂ ತುಂಬದವಳು, ವಯಸ್ಸಾದ ಆಂಗ್ಲೋ ಇಂಡಿಯನ್ ಟೀಚರಾಗಿ ನಡೆದ ಆ ನಡಿಗೆಯನ್ನು ನೋಡು. ಬಾಫ್ಟಾ ಪ್ರಶಸ್ತಿಗೆ ನಾಮನಿರ್ದೇಶನವೂ ಆಯಿತು. ಹಾಗಾದರೆ ಉಳಿದ ವರ್ಷಗಳಲ್ಲಿ ಏನು ಮಾಡುತ್ತಿದ್ದಳು? ಜುಹೂವಿನ ಜಾನಕಿ ಕುಟೀರಕ್ಕೆ ಹೋದರೆ ಗೊತ್ತಾಗುತ್ತದೆ. ಮಾವ ಪೃಥ್ವಿರಾಜರು ಕಂಡಿದ್ದ ಕನಸನ್ನು ಗಂಡ ಹೆಂಡತಿ ಸೇರಿ 1978ರ ನವೆಂಬರ್ 5ರಂದು ಪೃಥ್ವಿ ಥಿಯೇಟರ್ ಮಾಡಿ ತೆರೆದರು. ಇನ್ನೂರು ಚಿಲ್ಲರೆ ಸೀಟು. ರಂಗದ ಮೂರು ಕಡೆಗೂ ಜನ. ಅಲ್ಲಿ ಸುಳ್ಳು ಮಾತಾಡಿದರೆ ಕೊನೆಯ ಸಾಲಿಗೂ ಗೊತ್ತಾಗುತ್ತದೆ. 1984ರಲ್ಲಿ ಕ್ಯಾನ್ಸರ್ ಅವಳನ್ನು ಕರೆದುಕೊಂಡು ಹೋಯಿತು. ಪೃಥ್ವಿ ಇನ್ನೂ ನಡೆಯುತ್ತಿದೆ. ಮೂರನೇ ಗಂಟೆ ಹೊಡೆದ ಮೇಲೆ ಯಾರು ಬಂದರೂ ಒಳಗೆ ಬಿಡುವುದಿಲ್ಲ. ತಡವಾದಾಗಲೆಲ್ಲ ವಿರಾರ್ ಲೋಕಲ್ ರೈಲಿನ ಮೇಲೆ ತಪ್ಪು ಹಾಕುವ ನಿನಗೆ ಇದನ್ನು ಬೇಕೆಂದೇ ಹೇಳುತ್ತಿದ್ದೇನೆ.

ಪರದೇಶದವಳ ಮಾತು ಬೇಡವೆಂದರೆ ನಮ್ಮ ಶಂಕರ್‌ನಾಗ್ ಇದ್ದಾನಲ್ಲ. ಹೊನ್ನಾವರದ ಕಡೆಯ ಹುಡುಗ, ಹೊಟ್ಟೆಗೆ ಬ್ಯಾಂಕಿನ ಕೆಲಸ, ಸಂಜೆ ಮರಾಠಿ ನಾಟಕದ ತಾಲೀಮು. ಎಲ್ಲ ಇದೇ ಮುಂಬೈಯಲ್ಲಿ. ಮುಂದೆ ಹೆಂಡತಿಯಾದ ಅರುಂಧತಿ ಸಿಕ್ಕಿದ್ದೂ ಇಲ್ಲಿನ ನಾಟಕದವರ ನಡುವೆಯೇ. ‘ಒಂದಾನೊಂದು ಕಾಲದಲ್ಲಿ’ ಸಿನಿಮಾ ಬಂದದ್ದು ಅದೆಲ್ಲ ಆದಮೇಲೆ. ಅವನು ಹೋಗಿ ಹದಿನಾಲ್ಕು ವರ್ಷಕ್ಕೆ, 2004ರಲ್ಲಿ, ಅರುಂಧತಿ ಬೆಂಗಳೂರಿನಲ್ಲಿ ರಂಗಶಂಕರ ನಾಟಕಮಂದಿರ ತೆರೆದರು. ತಡವಾಗಿ ಬಂದವರಿಗೆ ಅಲ್ಲೂ ಬಾಗಿಲು ಮುಚ್ಚಿಯೇ ಇರುತ್ತದೆ.

ಆದ್ದರಿಂದ ಯಾವುದಾದರೂ ತಂಡದ ಬಾಗಿಲಿಗೆ ಹೋಗಿ, ಪಾತ್ರ ಕೇಳಬೇಡ, ಬ್ಯಾಕ್‌ಸ್ಟೇಜ್ ಕೆಲಸ ಕೇಳು. ಬಟ್ಟೆಗೆ ಇಸ್ತ್ರಿ ಹಾಕು, ಲೈಟಿನವನ ಪಕ್ಕ ಕೂರು, ಪ್ರಾಂಪ್ಟಿಂಗ್ ಮಾಡು. ಒಂದೇ ನಾಟಕವನ್ನು ಮತ್ತೆ ಮತ್ತೆ ಪಕ್ಕದಿಂದ ನೋಡಿದರೆ, ಒಳ್ಳೆಯ ನಟ ಕೂಡ ಯಾವ ದಿನ ಎಲ್ಲಿ ಸಡಿಲಾಗುತ್ತಾನೆ ಅಂತ ಕಣ್ಣಿಗೆ ಬೀಳುತ್ತದೆ. ಅದನ್ನು ಯಾವ ಆ್ಯಕ್ಟಿಂಗ್ ಕ್ಲಾಸೂ ಕಲಿಸದು. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದ ಕಡೆಗೂ ಹೋಗು. ಕನ್ನಡ ನಾಟಕ ಅಂದರೆ ಮೂಗು ಮುರಿಯಬೇಡ. ನಿನ್ನ ‘ಹ’ಕಾರ ಮೊದಲು ಅಲ್ಲಿ ಸರಿಯಾಗಲಿ. ಬಾಡಿಗೆಗೆ ಅರ್ಧ ದಿನದ ಕೆಲಸವೊಂದನ್ನು ಹಿಡಿದುಕೋ, ಅದರಲ್ಲಿ ನಾಚಿಕೆ ಏನಿದೆ?

ಇನ್ನೊಂದು. ಪಾತ್ರ ಕೊಡಿಸುತ್ತೇನೆ, ಮೊದಲು ದುಡ್ಡು ಕಟ್ಟು ಅನ್ನುವವನ ಆಫೀಸಿನಿಂದ ಆ ಕ್ಷಣವೇ ಎದ್ದು ಬಾ. ಹೊರಗೆ ಬಂದ ಕೂಡಲೇ ನನಗೆ ಫೋನ್ ಮಾಡು, ಅವನ ವಿಳಾಸದ ಸಮೇತ.