ಬಿ.ಎಂ.ಎಕ್ಸ್. ಸವಾರನಿಗೆ ಸ್ಪ್ರಿಂಟ್ ಅಭ್ಯಾಸವೇಕೆ?

ಭಾನುವಾರ ಬೆಳಗಿನ ಜಾವ ದೇವನಹಳ್ಳಿಯ ಹೆದ್ದಾರಿಯಲ್ಲಿ ನಿಂತರೆ, ಬೆಂಗಳೂರಿನ ಸೈಕಲ್ ಸವಾರರು ನಂದಿಬೆಟ್ಟದತ್ತ ಸಾಲುಸಾಲಾಗಿ ಸಾಗುವುದನ್ನು ಕಾಣಬಹುದು. ಅವರನ್ನು ನೋಡಿ ನಮ್ಮ ಸೀಮೆಯ ಹುಡುಗರು, ಪಂದ್ಯಕ್ಕೆ ಸಿದ್ಧನಾಗುವುದೆಂದರೆ ಮೈಲುಗಟ್ಟಲೆ ತುಳಿಯುವುದೇ ಎಂದು ಭಾವಿಸಿದ್ದಾರೆ. ದೂರದ ಪಂದ್ಯಕ್ಕೆ ಅದು ಸರಿಯೇ. ಬಿ.ಎಂ.ಎಕ್ಸ್. ಪಂದ್ಯದ ರೀತಿಯೇ ಬೇರೆ.

೨೦೦೮ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಮೊದಲು ಸೇರಿದ ಈ ಪಂದ್ಯದಲ್ಲಿ ಎಂಟು ಮಂದಿ ಎತ್ತರದ ಇಳಿಜಾರಿನಿಂದ ಒಮ್ಮೆಲೇ ಹೊರಟು, ಮಣ್ಣಿನ ದಿಬ್ಬಗಳನ್ನು ಹಾರಿ, ಸುಮಾರು ೪೦ ಸೆಕೆಂಡುಗಳಲ್ಲಿ ಗುರಿ ಮುಟ್ಟುವರು. ೨೦ ಅಂಗುಲದ ಚಕ್ರ, ಒಂದೇ ಗೇರು. ಮೊದಲ ತಿರುವಿಗೆ ಮುಂದಾಗಿ ಹೊಕ್ಕವನನ್ನು ಹಿಂದಿಕ್ಕುವುದು ಬಲು ಕಷ್ಟ.

ಆ ಮೊದಲ ಸೆಕೆಂಡುಗಳ ಶಕ್ತಿಯ ಬಹುಪಾಲು ಉಸಿರಿನಿಂದ ಬರುವುದಲ್ಲ. ಸ್ನಾಯುಗಳು ಮೊದಲೇ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟಿನಿಂದ ಬರುವುದು. ಹತ್ತು ಸೆಕೆಂಡಿನ ಸುಮಾರಿಗೆ ಅದು ಬಹುಮಟ್ಟಿಗೆ ತೀರುತ್ತದೆ. ಮತ್ತೆ ತುಂಬಲು ಕೆಲವು ನಿಮಿಷಗಳು ಬೇಕು. ಆದುದರಿಂದ ನಿಂತ ಸೈಕಲ್ಲಿನಿಂದ ಹೊರಟು, ಆಸನ ಬಿಟ್ಟೆದ್ದು, ಐದಾರು ಸೆಕೆಂಡು ಪೂರ್ಣ ಬಲದಿಂದ ತುಳಿಯಬೇಕು. ಅನಂತರ ಮೂರು ನಿಮಿಷ ವಿಶ್ರಾಂತಿ. ಹೀಗೆ ಆರು ಸಲವಾದರೆ ಸಾಕು. ಈ ವಿಶ್ರಾಂತಿಯನ್ನು ಮನೆಯ ಹಿರಿಯರು ಸೋಮಾರಿತನವೆನ್ನುವುದುಂಟು! ಆದರೆ ದಣಿದ ಕಾಲು ನಿಧಾನವಾಗಿ ತುಳಿಯುವುದನ್ನೇ ರೂಢಿ ಮಾಡಿಕೊಳ್ಳುವುದು.

ಪಥವಿಲ್ಲವೆಂದು ಕೈಕಟ್ಟಿ ಕೂರಬೇಕಾಗಿಲ್ಲ. ನನ್ನ ತಮ್ಮ ಡೇರಿಗೆ ಹಾಲು ಹಾಕಿದ ಮೇಲೆ, ಕ್ಯಾನು ಇಳಿಸಿ, ಬ್ರೇಕು ಚೈನು ನೋಡಿಕೊಂಡು, ಹೊಲದ ದಾರಿಯಲ್ಲಿ ಒಂದು ವಿದ್ಯುತ್ ಕಂಬದಿಂದ ಇನ್ನೊಂದಕ್ಕೆ ಹೀಗೆ ತುಳಿಯುತ್ತಾನೆ. ಸೈಕಲ್ಲು ಅಪ್ಪನದು, ಬಹಳ ಭಾರ. ಗಡಿಯಾರ ಹಿಡಿದು ಮೂರು ನಿಮಿಷ ಅವನನ್ನು ತಡೆದು ನಿಲ್ಲಿಸುವ ಕೆಲಸ ನನ್ನದು.